ಸದ್ದು ಬರುವ ಮೊದಲಿನ ಎರಡು ತಿಂಗಳು

ನಮ್ಮೂರಿನಲ್ಲಿ ಬಸುರಿ ಹೆಂಗಸು ಎದುರಿಗೆ ಬಂದರೆ ಅದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಹತ್ತು ಹೆಜ್ಜೆ ದೂರಕ್ಕೂ ಕೇಳುತ್ತಿತ್ತು. ಮೂರನೇ ತಿಂಗಳು ನಡೆಯುವಾಗ ಒಂದು ದಿನ, ಹಿಟ್ಟು ನಾದುತ್ತಿರುವಾಗಲೋ ಬಟ್ಟೆ ಹಿಂಡುತ್ತಿರುವಾಗಲೋ, ಇದ್ದಕ್ಕಿದ್ದಂತೆ ಶುರುವಾಗುತ್ತಿತ್ತು. ಪುಟ್ಟ ಕುದುರೆಯೊಂದು ಮಣ್ಣಿನ ರಸ್ತೆಯಲ್ಲಿ ದೂರದಿಂದ ಓಡಿ ಬರುತ್ತಿರುವ ಹಾಗೆ. ಅಲ್ಲಿಂದ ಹೆರಿಗೆಯಾಗುವ ತನಕ ನಿಲ್ಲುತ್ತಿರಲಿಲ್ಲ. ಮಗು ಹೊರಗೆ ಬಂದ ಕ್ಷಣಕ್ಕೆ ನಿಲ್ಲುತ್ತಿತ್ತು. ಆ ಮೌನ ಮುಗಿದು ಅಳು ಕೇಳುವವರೆಗೆ ಬಾಗಿಲ ಹೊರಗೆ ನಿಂತವರು ಯಾರೂ ಉಸಿರು ಬಿಡುತ್ತಿರಲಿಲ್ಲ.

ನಾನು ಆ ಊರು ಬಿಟ್ಟು ಮೂವತ್ತೆಂಟು ವರ್ಷವಾಯಿತು. ಈಗ ನಾನಿರುವ ಊರಿನಲ್ಲಿ ಹೊಟ್ಟೆಗಳು ಮಾತಾಡುವುದಿಲ್ಲ. ಬಸ್ಸಿನಲ್ಲಿ ಪಕ್ಕ ನಿಂತ ಹುಡುಗಿಗೆ ಎದ್ದು ಜಾಗ ಕೊಡುವುದೋ ಬೇಡವೋ ತಿಳಿಯದೆ ಒದ್ದಾಡುತ್ತೇನೆ. ನಮ್ಮೂರ ಬಸ್ಸಿನ ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನೇತಾಡಿಕೊಂಡೇ "ಸದ್ದು ಹತ್ತಿದೆ, ಯಾರಾದರೂ ಏಳ್ರಪ್ಪಾ" ಎಂದು ಕೂಗುತ್ತಿದ್ದ. ಸದ್ದು ಅಂದರೆ ಅದೇ. ಯಾರಾದರೂ ಬಸುರಾಗಿದ್ದಾಳೆ ಎಂದು ನಾವು ಹೇಳುತ್ತಿರಲಿಲ್ಲ, "ಅವಳಿಗೆ ಸದ್ದಾಗಿದೆ" ಎನ್ನುತ್ತಿದ್ದೆವು. ನನಗೆ ಮಗ್ಗಿ ಕಲಿಸಿದ ಮೇಡಂಗೆ ಸದ್ದಾಗಿದ್ದ ವರ್ಷ ನಾವು ಮೂವತ್ತು ಮಕ್ಕಳು ಆ ಸದ್ದಿನ ವೇಗಕ್ಕೇ ಮಗ್ಗಿ ಹೇಳಿ, ಹನ್ನೆರಡರ ಮಗ್ಗಿ ಮುಗಿಯುವಾಗ ಏದುಸಿರು ಬಿಡುತ್ತಿದ್ದೆವು. ಟೆಂಟ್ ಸಿನಿಮಾದಲ್ಲಿ ನಾಯಕಿ ಮೌನವಾಗಿ ಕಣ್ಣೀರು ಹಾಕುವ ಜಾಗದಲ್ಲೆಲ್ಲ ಹೆಂಗಸರ ಕಡೆಯಿಂದ ಎರಡು ಮೂರು ಕುದುರೆ ಓಡುತ್ತಿದ್ದವು, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಊರಿನವರೆಲ್ಲ ದೇವರಂಥವರು ಎಂದು ನಾನು ಹೇಳುವುದಿಲ್ಲ. ಆದರೆ ಕೆಲವು ಮರ್ಯಾದೆಗಳಿದ್ದವು. ಮದುವೆಯಾಗದ ಹುಡುಗಿಯೊಬ್ಬಳ ಹೊಟ್ಟೆಯಿಂದ ಸದ್ದು ಬಂದರೆ, ಅವಳು ಬೀದಿ ದಾಟುವಾಗ ಅಂಗಡಿಯವರು ರೇಡಿಯೋ ಜೋರು ಮಾಡುತ್ತಿದ್ದರು, ಜಗಲಿಯ ಮೇಲಿನವರು ಏನಾದರೊಂದು ಮಾತು ತೆಗೆದು ಗಟ್ಟಿಯಾಗಿ ಆಡುತ್ತಿದ್ದರು. ಕೇಳಿಸಲೇ ಇಲ್ಲ ಎಂದು ತೋರಿಸುವುದಕ್ಕೆ. ಎಲ್ಲೋ ಒಂದು ಮನೆಯ ಸದ್ದು ಏಳನೇ ತಿಂಗಳಲ್ಲಿ ನಿಂತುಹೋದರೆ, ಆ ಬೀದಿಯ ಮಕ್ಕಳಿಗೆ ಅವತ್ತು ಗಲಾಟೆ ಮಾಡಬೇಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಇನ್ನೊಂದು ಕಟ್ಟಳೆಯಿತ್ತು. ಸದ್ದು ಬರುವವರೆಗೆ ಯಾವ ಹೆಂಗಸೂ ಬಸುರಿಯಲ್ಲ. ತಿಂಗಳು ತಪ್ಪಿದ್ದು ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಬೇರೆ ಯಾರೂ ಕೇಳುತ್ತಲೂ ಇರಲಿಲ್ಲ. ಅದಕ್ಕೆ ಮೊದಲು ಬಾಯಿ ಬಿಟ್ಟರೆ ದೃಷ್ಟಿಯಾಗುತ್ತದೆ ಎಂದೋ ಏನೋ. ಎಲ್ಲ ಆರೈಕೆಯೂ ಸದ್ದಿನ ದಿನದಿಂದಲೇ ಶುರು. ಭಾರ ಎತ್ತಬೇಡ, ಬಿಸಿಲಿಗೆ ಹೋಗಬೇಡ, ಹಾಲು ಕುಡಿ. ಬೇರೆ ಊರಿನವರಿಗೆ ಐದು ತಿಂಗಳಿಗೆ ತಿಳಿಯುವುದು ನಮಗೆ ಮೂರಕ್ಕೇ ತಿಳಿಯುತ್ತದೆ ಎಂದು ನಮಗೆ ಒಳಗೊಳಗೇ ಹೆಮ್ಮೆಯಿತ್ತು.

ನಾನು ಹೇಳಹೊರಟಿದ್ದು ನನ್ನ ಅತ್ತಿಗೆ ವಾರಿಜಳ ವಿಷಯ.

ಅಣ್ಣ ಮಾದೇಶ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅಮ್ಮ, ಅತ್ತಿಗೆ, ನಾನು. ಅತ್ತಿಗೆ ನನಗಿಂತ ಮೂರೇ ವರ್ಷ ದೊಡ್ಡವಳು. ನೋಡಿದ ಸಿನಿಮಾದ ಕಥೆ ಹೇಳುವಾಗ ಕೊನೆಯನ್ನು ತನಗೆ ಬೇಕಾದ ಹಾಗೆ ಬದಲಾಯಿಸಿಬಿಡುತ್ತಿದ್ದಳು. ಸತ್ತವರೆಲ್ಲ ಬದುಕಿಬಿಡುತ್ತಿದ್ದರು. "ಅತ್ತಿಗೆ, ಅವನು ಸತ್ತ ಅಲ್ವಾ?" ಅಂದರೆ, "ನೀನು ನೋಡಿದ ಪ್ರಿಂಟಲ್ಲಿ ಸತ್ತಿರಬೇಕು" ಅನ್ನುತ್ತಿದ್ದಳು.

ನಾವಿಬ್ಬರೂ ಗುರುಪಾದಪ್ಪನವರ ಚಪ್ಪಲಿ ಕಾರ್ಖಾನೆಗೆ ಹೋಗುತ್ತಿದ್ದೆವು. ಕೆರೆ ಏರಿಯ ಕೆಳಗೆ, ಹಳೆಯ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಅದು ಶುರುವಾಗಿ ವರ್ಷ ದಾಟಿತ್ತು. ಚಪ್ಪಲಿಯ ತಳದ ಅಟ್ಟೆ ಕತ್ತರಿಸುವುದು ಒಂದು ಮೇಜು, ಮೇಲಿನ ಬಾರಿಗೆ ಹೊಲಿಗೆ ಹಾಕುವುದು ಒಂದು, ಅಟ್ಟೆಗೆ ಅಟ್ಟೆ ಅಂಟಿಸುವುದು ಒಂದು, ರಟ್ಟಿನ ಡಬ್ಬಕ್ಕೆ ತುಂಬುವುದು ಒಂದು. ನಾನು ಡಬ್ಬದ ಮೇಜಿನಲ್ಲಿದ್ದೆ. ಅತ್ತಿಗೆ ಅಂಟಿಸುವ ಮೇಜಿನಲ್ಲಿ. ಅದಕ್ಕೆ ಸಲ್ಯೂಷನ್ ಮೇಜು ಅಂತಲೇ ಹೆಸರು. ಧೂಳು ಕೂತರೆ ಅಂಟು ಹಿಡಿಯುವುದಿಲ್ಲವೆಂದು ಆ ಮೇಜಿನ ಸುತ್ತ ನಾಲ್ಕೂ ಕಡೆ ತಗಡು ಹೊಡೆಸಿದ್ದರು. ಒಳಗೆ ಅಗಲ ಬಾಯಿಯ ಡಬ್ಬಗಳಲ್ಲಿ ಜೇನಿನ ಬಣ್ಣದ ಸಲ್ಯೂಷನ್. ಮಾಗಿ ಕೊಳೆತ ಬಾಳೆಹಣ್ಣನ್ನು ಪೆಟ್ರೋಲಿನಲ್ಲಿ ಅದ್ದಿದಂಥ ವಾಸನೆ. ಮೊದಲ ವಾರ ತಲೆ ಸುತ್ತುತ್ತದೆ, ಆಮೇಲೆ ಕಾರಣವಿಲ್ಲದೆ ನಗು ಬರುತ್ತದೆ, ಆಮೇಲೆ ವಾಸನೆಯೇ ಗೊತ್ತಾಗುವುದಿಲ್ಲ ಎಂದು ಅಲ್ಲಿ ಕೂತವರು ಹೇಳುತ್ತಿದ್ದರು. ಕೂಲಿ ಅಲ್ಲಿ ಜಾಸ್ತಿ, ಅದಕ್ಕೇ ಅದು ಎಲ್ಲರಿಗೂ ಬೇಕು. ಗುರುಪಾದಪ್ಪನವರು ಕೆಟ್ಟವರಲ್ಲ. ಯಾರಿಗಾದರೂ ಸದ್ದಾದರೆ ಅವತ್ತೇ ಸಲ್ಯೂಷನ್ ಮೇಜಿನಿಂದ ಎಬ್ಬಿಸಿ ಡಬ್ಬದ ಮೇಜಿಗೆ ಕೂರಿಸುತ್ತಿದ್ದರು. "ನಮ್ಮಲ್ಲಿ ಸದ್ದಿಗೆ ಮರ್ಯಾದೆ ಉಂಟು" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಅತ್ತಿಗೆಗೆ ಸದ್ದಾದದ್ದು ಒಂದು ಭಾನುವಾರ ಬೆಳಿಗ್ಗೆ, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ. ಅವಳು ಒಗೆಯುತ್ತಿದ್ದಳು, ನಾನು ಹಿಂಡುತ್ತಿದ್ದೆ. ಅವಳ ಕೈ ತಟ್ಟನೆ ನಿಂತಿತು.

"ಮೀನೀ, ಕೇಳಿಸ್ತಾ?"

ಕೇಳಿಸಿತು. ನಾನು ಒದ್ದೆ ಕೈಯಲ್ಲೇ ಅವಳನ್ನು ಅಪ್ಪಿಕೊಂಡೆ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಗುತ್ತಾ ನಿಂತಿದ್ದೆವು. ಆಮೇಲೆ ಅವಳ ನಗು ನಿಧಾನವಾಗಿ ಕಡಿಮೆಯಾಯಿತು. ನಾವು ಹುಟ್ಟಿದಾಗಿನಿಂದ ಕೇಳಿದ ಸದ್ದುಗಳ ಹಾಗೆ ಇದು ಇರಲಿಲ್ಲ. ಎರಡು ಬಡಿತದ ನಡುವೆ ಏನೋ ಎಳೆದಂತೆ, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ, ಸುಂಯ್ ಎನ್ನುತ್ತಿತ್ತು.

ಅಮ್ಮ ಸೂಲಗಿತ್ತಿ ಹಲೀಮಾ ಬೂಬಮ್ಮನಿಗೆ ಹೇಳಿಕಳಿಸಿದಳು. ಬೂಬಮ್ಮ ನಮ್ಮೂರಿನ ಅರ್ಧ ಜನರನ್ನು ತನ್ನ ಕೈಯಲ್ಲಿ ಹಿಡಿದು ಈಚೆಗೆ ತಂದವಳು. ನನ್ನನ್ನೂ ಅಣ್ಣನನ್ನೂ ಕೂಡ. ಅವಳು ಬಂದು ಅತ್ತಿಗೆಯ ಎದುರು ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಎಲೆ ಅಡಿಕೆ ಜಗಿಯುತ್ತಿದ್ದ ಬಾಯಿ ನಿಂತುಹೋಯಿತು. ಬಹಳ ಹೊತ್ತು ಹಾಗೇ ಕೂತಿದ್ದು, "ಗಾಳಿ ಇದೆ" ಅಂದಳು.

"ಹಂಗಂದ್ರೆ ಏನು ಬೂಬಮ್ಮ?" ಅಂದಳು ಅಮ್ಮ.

"ಎದೆಯೊಳಗೆ ಎಲ್ಲೋ ಸರಿಯಾಗಿ ಮುಚ್ಚಿಲ್ಲ ಪುಟ್ಟತಾಯಮ್ಮ. ಹೆದರಬೇಡಿ, ಮಗು ಬರುತ್ತೆ. ಬಂದ ಮೇಲೆ ದೊಡ್ಡಾಸ್ಪತ್ರೆಗೆ ತೋರಿಸಬೇಕಾಗುತ್ತೆ."

ಬೂಬಮ್ಮ ಗೇಟು ದಾಟುವುದನ್ನೇ ಕಾಯುತ್ತಿದ್ದವಳಂತೆ ಅಮ್ಮ ಶುರುಮಾಡಿದಳು. "ನಾನು ಬಡ್ಕೊಂಡೆ. ಹೋದ ತಿಂಗಳು ಗ್ರಹಣ ಹಿಡಿದಾಗ, ಮದುವೆಯಾದೋಳು ಹೊರಗೆ ಹೋಗಬೇಡ, ಈಳಿಗೆ ಮಣೆ ಮುಟ್ಟಬೇಡ ಅಂತ. ಕೇಳಿದಳಾ? ಹಿತ್ತಲಲ್ಲಿ ನಿಂತು ಆಕಾಶ ನೋಡಿದಳು, ಒಳಗೆ ಬಂದು ಬದನೆಕಾಯಿ ಹೆಚ್ಚಿದಳು. ಈಗ ನೋಡು, ಮಗುವಿನ ಎದೆಗೇ ಏಟು ಬಿದ್ದಿದೆ."

ಅತ್ತಿಗೆ ಎದ್ದುಹೋಗಿ ಅರ್ಧಕ್ಕೆ ಬಿಟ್ಟಿದ್ದ ಬಟ್ಟೆ ಒಗೆದಳು.

ಆಮೇಲಿನ ಆರು ತಿಂಗಳು ನನಗೆ ನೆನಪಿರುವುದು ಕಾರ್ಖಾನೆಗೆ ಹೋಗುವ ದಾರಿ. ಅವಳು ಡಬ್ಬದ ಮೇಜಿಗೆ ಬಂದಿದ್ದರಿಂದ ನಾವು ಅಕ್ಕಪಕ್ಕವೇ ಕೂರುತ್ತಿದ್ದೆವು, ಒಟ್ಟಿಗೇ ನಡೆಯುತ್ತಿದ್ದೆವು. ನಾವು ದೊಡ್ಡ ಬೀದಿಗೆ ಬಂದೊಡನೆ ಹೋಟೆಲಿನ ರೇಡಿಯೋ ಜೋರಾಗುತ್ತಿತ್ತು. ಟೈಲರ್ ಅಂಗಡಿಯಲ್ಲಿ ಕೂತವರು ಮಳೆಯ ವಿಷಯ ಗಟ್ಟಿಯಾಗಿ ಮಾತಾಡತೊಡಗುತ್ತಿದ್ದರು. ಒಂದು ದಿನ ಅತ್ತಿಗೆ ರಸ್ತೆಯ ನಡುವೆಯೇ ನಿಂತುಬಿಟ್ಟಳು.

"ಮೀನಿ, ನಾನೇನು ತಪ್ಪು ಮಾಡಿದೀನಿ ಅಂತ ಇವರು ರೇಡಿಯೋ ಜೋರು ಮಾಡ್ತಾರೆ?"

"ಮರ್ಯಾದೆಗೆ ಮಾಡ್ತಾರೆ ಅತ್ತಿಗೆ. ನಿಮಗೆ ಬೇಜಾರಾಗಬಾರದು ಅಂತ."

"ಈ ಮಗು ಇಷ್ಟು ಕಷ್ಟಪಟ್ಟು ಬಡಿದುಕೊಳ್ತಾ ಇದೆ. ಒಬ್ಬರಾದರೂ ಕೇಳಿಸಿಕೊಳ್ಳಬಾರದಾ?"

ನಾನು ಅವಳ ಕೈ ಹಿಡಿದು ಹೋಟೆಲ್ ದಾಟಿಸಿದೆ.

ಬೆಳ್ಳಿ ಹುಟ್ಟಿದ್ದು ಒಂದು ಶುಕ್ರವಾರ ಮಧ್ಯಾಹ್ನ. ಸದ್ದು ನಿಂತಿತು. ನಾವು ಕಾದೆವು. ಆಮೇಲೆ ತೀರಾ ಸಣ್ಣ ಅಳು, ಬೆಕ್ಕಿನ ಮರಿಯಂಥದ್ದು. ಬೆಳ್ಳಗೆ, ತೆಳ್ಳಗೆ, ಕಣ್ಣು ಮಾತ್ರ ದೊಡ್ಡದು. ಹಾಲು ಕುಡಿಯಲು ಶುರುಮಾಡಿದರೆ ಎರಡು ಗುಟುಕಿಗೇ ಹಣೆಯಲ್ಲಿ ಬೆವರು. ಜೋರಾಗಿ ಅತ್ತರೆ ತುಟಿ ನೇರಳೆ ಹಣ್ಣು ತಿಂದವರಂತೆ ನೀಲಿಯಾಗುತ್ತಿತ್ತು. ತಿಂಗಳು ತುಂಬಿದ ಮೇಲೆ ಅಣ್ಣ ಲಾರಿಯಲ್ಲೇ ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಹೃದಯದ ಎರಡು ಕೋಣೆಗಳ ನಡುವಿನ ಗೋಡೆ ಪೂರ್ತಿ ಕೂಡಿಲ್ಲ, ತೂತು ಉಳಿದಿದೆ, ಮಗು ಸ್ವಲ್ಪ ಬೆಳೆದು ತೂಕ ಬಂದ ಮೇಲೆ ಆಪರೇಷನ್ ಮಾಡಬೇಕು, ಅಲ್ಲಿಯವರೆಗೆ ಜೋಪಾನ ಎಂದರು.

ಜೋಪಾನ ಮಾಡಿದೆವು. ಅವಳು ಅಳದ ಹಾಗೆ ನೋಡಿಕೊಳ್ಳುವುದೇ ಮೂರು ಹೆಂಗಸರ ಕೆಲಸವಾಯಿತು. ಅಮ್ಮ ಅವಳನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಮೊಮ್ಮಗಳನ್ನು ಹಾಗೆ ಎತ್ತಿಕೊಂಡೇ ಅತ್ತಿಗೆಯ ಕಡೆ ನೋಡದೆ, ಬೇರೆ ಯಾರಿಗೋ ಹೇಳಿದಂತೆ, ಗ್ರಹಣದ ಮಾತು ಆಡುತ್ತಿದ್ದಳು.

ಒಂದು ಸಂಜೆ ನಾನು ಕೆಲಸದಿಂದ ಬರುವಾಗ ಬೂಬಮ್ಮ ಮಸೀದಿಯ ಹಿಂದಿನ ತನ್ನ ಮನೆಯ ಬಾಗಿಲಲ್ಲಿ ಕೂತಿದ್ದವಳು ಕರೆದಳು. "ಬಾ ಬೇಟಿ, ಒಂದು ವಿಷಯ ಕೇಳಬೇಕು. ನಿಮ್ಮ ಕಾರ್ಖಾನೇಲಿ ಯಾರು ಯಾವ ಮೇಜಿನವರು ಅಂತ ನಿನಗೆ ಗೊತ್ತಲ್ಲ?"

ಬೂಬಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಕೇಳಿದ ಒಂದು ಸದ್ದನ್ನೂ ಅವಳು ಮರೆತವಳಲ್ಲ. ಅವಳ ಅತ್ತೆಯೂ ಸೂಲಗಿತ್ತಿ. ಇಬ್ಬರ ಕಾಲದಲ್ಲೂ ಸೇರಿ ಗಾಳಿ ಇದ್ದ ಸದ್ದು ಹತ್ತೂ ಇರಲಿಲ್ಲವಂತೆ. ಈ ಎರಡು ವರ್ಷದಲ್ಲಿ ಆಗಲೇ ನಾಲ್ಕು. ಅವಳು ಒಂದೊಂದೇ ಹೆಸರು ಹೇಳಿದಳು. ನಾನು ಒಂದೊಂದಕ್ಕೂ "ಸಲ್ಯೂಷನ್ ಮೇಜು" ಅಂದೆ. ನಾಲ್ಕನೆಯದು ಅತ್ತಿಗೆಯ ಹೆಸರು. 

"ಆದರೆ ಬೂಬಮ್ಮ, ಸದ್ದಾದ ದಿನವೇ ಅವರನ್ನ ಅಲ್ಲಿಂದ ಎಬ್ಬಿಸ್ತಾರಲ್ಲ."

"ಅದೇ ನನಗೂ ತಿಳೀತಿಲ್ಲ. ಸಾವಂತ್ರಿ ಇದಾಳಲ್ಲ, ಅವಳೂ ಅದೇ ಮೇಜಿನವಳು ತಾನೆ? ಅವಳ ಮಗು ಸದ್ದು ಗಂಟೆ ಹೊಡೆದ ಹಂಗಿತ್ತು."

ಸಾವಂತ್ರಿ ಹಟಮಾರಿ ಹೆಂಗಸು. ಸದ್ದಾದ ಮೇಲೂ ಎದ್ದು ಬರಲು ಒಪ್ಪದೆ ಇನ್ನೂ ಒಂದು ತಿಂಗಳು ಆ ತಗಡಿನ ಒಳಗೇ ಕೂತಿದ್ದವಳು. ಅವಳಿಗೇ ಏನೂ ಆಗಿಲ್ಲ ಅಂದರೆ ಸಲ್ಯೂಷನ್ ಕಾರಣವಲ್ಲ ಅಂದುಕೊಂಡು ನಾನು ಎದ್ದೆ. ದಾರಿಯಲ್ಲಿ ಅವಳ ಮನೆ ಸಿಕ್ಕಿತು. ಸುಮ್ಮನೆ ಒಳಗೆ ಹೋದೆ. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಮಾತು ಈ ಮಾತು ಆಡುತ್ತಾ, "ಇವನು ನಮ್ಮ ತಂಗಿ ಮದುವೆ ಗಲಾಟೇಲೇ ಹೊಟ್ಟೇಲಿ ನಿಂತವನು ಕಣೇ" ಅಂದಳು. "ಮದುವೆಗೆ ಅಂತ ಹೋದೋಳು ಅಪ್ಪಯ್ಯನ ಕಾಲು ಮುರಿದು ಎರಡೂವರೆ ತಿಂಗಳು ಅಲ್ಲೇ ಉಳಿದೆನಲ್ಲ. ವಾಪಸು ಬಂದು ಮೇಜಿಗೆ ಕೂತ ಹದಿನೈದನೇ ದಿನಕ್ಕೆ ಸದ್ದು ಬಂತು."

ನಾನು ಅಲ್ಲಿಂದ ಓಡುತ್ತಾ ಬೂಬಮ್ಮನ ಮನೆಗೆ ವಾಪಸು ಹೋಗಿ, ಸದ್ದು ಬರುವ ಮೊದಲಿನ ಎರಡೂವರೆ ತಿಂಗಳು ಸಾವಂತ್ರಿ ಆ ಮೇಜಿನಲ್ಲೇ ಇರಲಿಲ್ಲ ಎಂದು ಹೇಳಿದೆ. ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು.

"ನಾವು ಸದ್ದು ಬಂದ ಮೇಲೆ ಜೋಪಾನ ಮಾಡ್ತೀವಿ" ಅಂದಳು ಕೊನೆಗೆ. "ಅಷ್ಟು ಹೊತ್ತಿಗೆ ಎಲ್ಲಾ ಆಗಿಹೋಗಿರುತ್ತೋ ಏನೋ."

ಗುರುವಾರ ಗುರುವಾರ ಪಕ್ಕದ ಊರಿನಿಂದ ಡಾಕ್ಟರಮ್ಮ ಬರುತ್ತಿದ್ದರು. ಬೆಳ್ಳಿಯನ್ನು ತೂಕ ಮಾಡಿಸುವ ನೆಪದಲ್ಲಿ ನಾವು ಐದು ಜನ ಹೋದೆವು. ಬೂಬಮ್ಮ, ಅತ್ತಿಗೆ, ನಾನು, ಅಮ್ಮ, ಅವಳ ಸೊಂಟದ ಮೇಲೆ ಬೆಳ್ಳಿ. ಬೂಬಮ್ಮ ತನ್ನ ಲೆಕ್ಕವನ್ನೆಲ್ಲ ಹೇಳಿದಳು. ಡಾಕ್ಟರಮ್ಮ ನಗುತ್ತಾರೇನೋ ಅಂದುಕೊಂಡಿದ್ದೆ. ಅವರು ಪೆನ್ನಿನ ಕ್ಯಾಪು ಮುಚ್ಚಿ ಕೆಳಗಿಟ್ಟು ಕೇಳಿದರು.

"ನೀವು ಹೇಳ್ತಿರೋದು ಸರಿ ಇದೆ ಬೂಬಮ್ಮ" ಅಂದರು. "ತಿಂಗಳು ತಪ್ಪಿತೋ ಇಲ್ಲವೋ ಅನ್ನೋ ಹೊತ್ತಿಗೇ ಮಗುವಿನ ಹೃದಯ ಶುರುವಾಗಿಬಿಡುತ್ತೆ. ಮೊದಲು ಅದೊಂದು ಬರೀ ಕೊಳವೆ ಥರ ಇರುತ್ತೆ. ಅದು ಮಡಚಿಕೊಂಡು, ನಡುವೆ ಗೋಡೆ ಎದ್ದು, ಬಾಗಿಲು ಕೂತು, ನಾಲ್ಕು ಕೋಣೆ ಆಗೋದು ಎಲ್ಲ ಎರಡು, ಎರಡೂವರೆ ತಿಂಗಳ ಒಳಗೆ. ನಿಮ್ಮೂರಿನ ಸದ್ದು ಕೇಳೋಷ್ಟರಲ್ಲಿ ಮನೆ ಕಟ್ಟಿ ಆಗಿರುತ್ತೆ. ಗೋಡೆ ಏಳ್ತಾ ಇರುವಾಗ ತಾಯಿ ಇಂಥ ಆವಿ ಕುಡಿದರೆ ಅದು ರಕ್ತದಲ್ಲಿ ಸೇರಿ ಮಗುವಿಗೆ ಹೋಗುತ್ತೆ. ಬೀಡಿ ಹೊಗೆ, ಹೆಂಡ, ಕೆಲವು ಮಾತ್ರೆಗಳು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೈಮೇಲೆ ಗಂಧೆ ಏಳೋ ಒಂದು ಥರದ ಜ್ವರ, ಇವೆಲ್ಲವೂ ಹಾಗೇ. ಎಲ್ಲರಿಗೂ ಆಗೇ ಆಗುತ್ತೆ ಅಂತಲ್ಲ. ಇದೇ ಕಾರಣ ಅಂತ ಒಂದೊಂದು ಮಗುವಿಗೂ ಬೆರಳು ತೋರಿಸೋಕೂ ಆಗಲ್ಲ. ಆದರೆ ಆಗೋ ಸಂಭವ ಜಾಸ್ತಿ."

ಅತ್ತಿಗೆ ನೆಲ ನೋಡುತ್ತಿದ್ದಳು. "ನನಗೆ ತಿಂಗಳು ತಪ್ಪಿದ್ದು ಗೊತ್ತಿತ್ತು ಡಾಕ್ಟರಮ್ಮ. ಸದ್ದು ಬರಲಿ ಅಂತ ಸುಮ್ಮನಿದ್ದೆ. ಇನ್ನೊಂದು ತಿಂಗಳು ಆ ಕೂಲಿ ಬರುತ್ತೆ, ತೊಟ್ಟಿಲು ತರಬಹುದು ಅಂತ ಕೂತಿದ್ದೆ. ನಾನೇ ಮಾಡಿದೆ."

"ನಿಮಗೆ ಯಾರಾದರೂ ಹೇಳಿದ್ದರಾ, ಅದರಿಂದ ಹೀಗಾಗುತ್ತೆ ಅಂತ?"

"ಇಲ್ಲ."

"ಮತ್ತೆ? ಗೊತ್ತಿಲ್ಲದೆ ಉಸಿರಾಡಿದ್ದಕ್ಕೆ ತಪ್ಪು ಅಂತ ಹೆಸರಿಡಬೇಡಿ. ಗೊತ್ತಾದ ಮೇಲೂ ಯಾರಾದರೂ ನಿಮ್ಮನ್ನ ಅಲ್ಲಿ ಕೂರಿಸಿದರೆ, ಅದು ತಪ್ಪು."

ಆಗ ಅಮ್ಮ ಬಾಯಿ ತೆರೆದಳು. "ಡಾಕ್ಟರಮ್ಮ, ಗ್ರಹಣದಿಂದ..."

"ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಅಮ್ಮ."

ಅಮ್ಮ ದಾರಿಯುದ್ದಕ್ಕೂ ಮಗುವಿನ ತಲೆಯ ಮೇಲೆ ಸೆರಗು ಸರಿಮಾಡುತ್ತಾ ನಡೆದಳು. ಮನೆಗೆ ಬಂದು ಅಡಿಗೆಮನೆ ಸೇರಿದವಳು, ಆ ಸಂಜೆ ಯಾಕೋ ಅತ್ತಿಗೆಗೆ ಇಷ್ಟವಾದ ಹುರಳಿಕಟ್ಟಿನ ಸಾರು ಮಾಡಿದಳು. 

ಮರುದಿನ ಊಟದ ಬಿಡುವಿನಲ್ಲಿ ನಾವು ಹತ್ತು ಹನ್ನೆರಡು ಹೆಂಗಸರು ಗುರುಪಾದಪ್ಪನವರ ಮುಂದೆ ನಿಂತೆವು. ಹೇಳಿದ್ದು ಅತ್ತಿಗೆ. ಒಂದೂ ಬಿಡದೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ನಾಲ್ಕೂ ಮಕ್ಕಳ ನಾಮಕರಣಕ್ಕೆ ಅವರು ಬಂದಿದ್ದರು, ಒಂದೊಂದಕ್ಕೂ ಒಂದೊಂದು ಜೊತೆ ಪುಟ್ಟ ಚಪ್ಪಲಿ ತಂದುಕೊಟ್ಟಿದ್ದರು.  ಆದರೆ ಹೆದರಿದ ಮನುಷ್ಯ ಮಾಡುವುದನ್ನೇ ಅವರೂ ಮಾಡಿದರು.

"ಹಂಗಾದರೆ ನನಗೆ ಈ ಪಾಪ ಬೇಡಮ್ಮ. ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳು ಒಬ್ಬರೂ ನಾಳೆಯಿಂದ ಈ ಶೆಡ್ಡಿಗೆ ಕಾಲಿಡೋದು ಬೇಡ. ಯಾವ ಮೇಜೂ ಬೇಡ. ಮನೇಲಿರಿ."

"ನಾವು ಕೇಳಿದ್ದು ಅದಲ್ಲ ಯಜಮಾನ್ರೇ" ಅಂದಳು ಸಾವಂತ್ರಿ. "ಆ ಮೇಜಿಂದ ನಮ್ಮನ್ನ ಹೊಲಿಗೆಗೆ ಹಾಕಿ, ಆ ತಗಡು ಬಿಚ್ಚಿಸಿ ಅಂತ."

"ಸಲ್ಯೂಷನ್ ಮೇಜಿಗೆ ಯಾರು ಕೂರ್ತಾರೆ ಮತ್ತೆ? ಅಂಟಿಸದೆ ಚಪ್ಪಲಿ ಆಗುತ್ತಾ?"

 ಶನಿವಾರ ಕಾರ್ಖಾನೆಗೆ ಬೀಗ ಬಿತ್ತು. ಊರಿನ ಅರ್ಧ ಮನೆಗಳಲ್ಲಿ ಒಲೆಯ ಮುಂದೆ ಜಗಳ ಶುರುವಾಯಿತು. ಬೂಬಮ್ಮನಿಗೆ ಬೈದವರಿದ್ದರು, ಅತ್ತಿಗೆಗೆ ಬೈದವರಿದ್ದರು. "ನಿನ್ನ ಮಗುವಿಗೆ ಆಯಿತು ಅಂತ ಎಲ್ಲರ ಅನ್ನಕ್ಕೆ ಕಲ್ಲು ಹಾಕಿದೆ" ಎಂದು ಎದುರು ಮನೆಯ ಹೆಂಗಸು ನಲ್ಲಿಯ ಹತ್ತಿರ ನೇರವಾಗಿಯೇ ಹೇಳಿದಳು. ಅತ್ತಿಗೆ ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದುಬಿಟ್ಟಳು. ಅಮ್ಮ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಸ್ನಾನ ಮಾಡಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ನನ್ನ ಡಬ್ಬಿಗೆ ಮೊಸರನ್ನ ತುಂಬಿಕೊಂಡು ನಿಂತಿದ್ದಳು. ಅಮ್ಮ ಹೊಸ್ತಿಲು ದಾಟಿ ಕೂಲಿಗೆ ಹೋದವಳೇ ಅಲ್ಲ. "ಎಲ್ಲಿಗಮ್ಮ?" ಅಂದರೆ "ಬಾ ನೀನೂ, ನನಗೆ ಆ ಜಾಗ ಗೊತ್ತಿಲ್ಲ" ಅಂದಳು. ಬೀದಿಯ ತಿರುವಿನಲ್ಲಿ ಇನ್ನೂ ಮೂವರು ಅವಳ ಓರಗೆಯ ಹೆಂಗಸರು ಕಾಯುತ್ತಿದ್ದರು. ಒಬ್ಬಳು ಸಾವಂತ್ರಿಯ ಅತ್ತೆ. ಯಾವಾಗ ಮಾತಾಡಿಕೊಂಡಿದ್ದರೋ ದೇವರಿಗೇ ಗೊತ್ತು.

ಗುರುಪಾದಪ್ಪನವರು ಬೀಗ ಹಾಕಿದ ಶೆಡ್ಡಿನ ಮುಂದೆ ಒಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಿಮ್ಮ ಸಲ್ಯೂಷನ್ ಮೇಜಿಗೆ ನಾವು ಕೂರ್ತೀವಿ" ಅಂದಳು ಅಮ್ಮ. "ನಮಗೆ ಇನ್ನು ಸದ್ದಾಗಲ್ಲ."

ಸಾವಂತ್ರಿಯ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗುರುಪಾದಪ್ಪನವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ನಿಮ್ಮ ಕೈ ನಡುಗುತ್ತಲ್ಲಮ್ಮ ಪುಟ್ಟತಾಯಮ್ಮ. ಇದು ನಾಜೂಕು ಕೆಲಸ."

"ಬೀಗ ತೆಗೀರಿ."

ಅವರು ತೆಗೆದರು. ಅಮ್ಮ ಒಳಗೆ ಹೋಗಿ, ಹೇಗೆ ಎಂದು ನನ್ನನ್ನು ಕೇಳಿ, ಬ್ರಷ್ಷನ್ನು ಡಬ್ಬದಲ್ಲಿ ಅದ್ದಿ, ಅಟ್ಟೆಯ ಅಂಚಿಗೆ ಸವರಿದಳು. ಶಾವಿಗೆ ಒತ್ತಿ, ರಂಗೋಲಿ ಎಳೆದು, ಹತ್ತಾರು ಮಕ್ಕಳಿಗೆ ಕಾಡಿಗೆ ತೀಡಿದ ಕೈ. ಅಟ್ಟೆಗೆ ಅಟ್ಟೆ ಒತ್ತಿ ಅವರ ಕೈಗೆ ಕೊಟ್ಟಳು. ಅವರು ಎಳೆದು ನೋಡಿದರು, ಬಿಡಲಿಲ್ಲ. ಅಷ್ಟರಲ್ಲಿ ವಾಸನೆ ತಲೆಗೆ ಏರಿ ಅಮ್ಮನಿಗೆ ಕಣ್ಣು ಕತ್ತಲೆ ಬಂತು. ಮೇಜು ಹಿಡಿದುಕೊಂಡು, "ಆ ತಗಡು ನಾಲ್ಕೂ ಕಡೆ ಬಿಚ್ಚಿಸಿ ಮೊದಲು. ಇಲ್ಲಿ ಮನುಷ್ಯರು ಕೂರೋಕಾಗಲ್ಲ. ಧೂಳು ಬಂದರೆ ನಾವು ಒರೆಸ್ತೀವಿ. ನಮ್ಮ ಸೊಸೆಯಂದಿರು ಹೊಲಿಗೆಗೆ. ಕೂಲಿ ಕಡಿಮೆ ಮಾಡಕೂಡದು" ಅಂದಳು.

ಮಧ್ಯಾಹ್ನದ ಹೊತ್ತಿಗೆ ತಗಡು ಇಳಿದಿತ್ತು. ಕೆರೆಯ ಗಾಳಿ ಆ ಶೆಡ್ಡಿನೊಳಗೆ ಎರಡು ವರ್ಷದ ಮೇಲೆ ಮೊದಲ ಸಲ ಬೀಸಿತು.

ಆ ಸಂಜೆ ಅಮ್ಮ ಮನೆಗೆ ಬಂದು 'ಅಪ್ಪಾ' ಎಂದು ಕಂಬಕ್ಕೆ ಒರಗಿ ಕೂತಳು. ಬೆರಳುಗಳ ತುಂಬ ಒಣಗಿದ ಸಲ್ಯೂಷನ್ ಹಕ್ಕಳೆಯಾಗಿ ಅಂಟಿತ್ತು. ಅತ್ತಿಗೆ ಕೊಬ್ಬರಿ ಎಣ್ಣೆ ತಂದು, ಅಮ್ಮನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳನ್ನು ತಿಕ್ಕತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಅಮ್ಮನ ಕೈ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಎಷ್ಟು ತಿಕ್ಕಿದರೂ ಈ ವಾಸನೆ ಹೋಗಲ್ವೇನೇ?" ಅಂದಳು ಅಮ್ಮ.

"ಹೋಗಲ್ಲ ಅತ್ತೆ. ಅನ್ನ ತಿನ್ನುವಾಗಲೂ ಬರುತ್ತೆ."

"ನೀನು ಹೇಳಲೇ ಇಲ್ಲ."

"ನೀವು ಕೇಳಲಿಲ್ಲ."

ಅಮ್ಮ ಇನ್ನೊಂದು ಕೈಯನ್ನೂ ಅವಳ ಮಡಿಲಿಗೆ ಇಟ್ಟಳು. ಆಮೇಲೆ "ಬಾಯಿಗೆ ಬಂದದ್ದು ಅಂದುಬಿಟ್ಟೆ ವಾರಿಜಾ" ಅಂದಳು. ಅತ್ತಿಗೆ ತಲೆ ಎತ್ತಲಿಲ್ಲ, ತಿಕ್ಕುವುದನ್ನೂ ನಿಲ್ಲಿಸಲಿಲ್ಲ. ಅವಳ ಕಣ್ಣಿನ ನೀರು ಅಮ್ಮನ ಅಂಗೈಯ ಎಣ್ಣೆಯ ಮೇಲೆ ಬಿದ್ದು ಗುಂಡಗೆ ನಿಂತಿತು.

ಅತ್ತೆಯರ ಮೇಜು ಎಂದು ಅದಕ್ಕೆ ಹೆಸರು ಬಿತ್ತು. ಐದು ವರ್ಷ ನಡೆಯಿತು. ಅವರಿಗೂ ತಲೆನೋವು ಬರುತ್ತಿತ್ತು, ಬೆರಳಿನ ಚರ್ಮ ಸುಲಿಯುತ್ತಿತ್ತು. ಅಮ್ಮ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಕೂರುತ್ತಿದ್ದಳು. ಆಮೇಲೆ ಗುರುಪಾದಪ್ಪನವರು ಅಟ್ಟೆಗೂ ದಾರದ ಹೊಲಿಗೆ ಹಾಕುವ ದೊಡ್ಡ ಮಿಷನ್ ತಂದು ಆ ಸಲ್ಯೂಷನ್ನನ್ನೇ ನಿಲ್ಲಿಸಿದರು. ಆ ಐದು ವರ್ಷದಲ್ಲಿ ಕಾರ್ಖಾನೆಯ ಹೆಂಗಸರಿಗಾದ ಸದ್ದುಗಳಲ್ಲಿ ಬೂಬಮ್ಮನ ಕಿವಿಗೆ ಗಾಳಿ ಸಿಕ್ಕಿದ್ದು ಒಂದೇ ಒಂದರಲ್ಲಿ. ಆ ಒಂದು ಯಾಕೆ ಎಂದು ಕೇಳಿದರೆ ಡಾಕ್ಟರಮ್ಮನೂ ಗೊತ್ತಿಲ್ಲ ಅಂದರು. ಇನ್ನೊಂದು ಬದಲಾವಣೆಯೂ ಆಯಿತು. ತಿಂಗಳು ತಪ್ಪಿದರೆ ಹೆಂಗಸರು ಸದ್ದಿಗೆ ಕಾಯದೆ ಬೂಬಮ್ಮನ ಹತ್ತಿರ ಹೋಗಿ ಹೇಳತೊಡಗಿದರು. ದೃಷ್ಟಿಯ ಮಾತು ಯಾರೂ ಎತ್ತಲಿಲ್ಲ.

ಬೆಳ್ಳಿಗೆ ಆಪರೇಷನ್ ಆದದ್ದು ಆರು ವರ್ಷದವಳಿದ್ದಾಗ. ಎದೆಯ ನಡುವೆ ಉದ್ದಕ್ಕೆ ಗುರುತು ಉಳಿಯಿತು. ಈಗ ಅವಳಿಗೆ ನಲವತ್ತು ದಾಟಿದೆ, ಟೈಪಿಂಗ್ ಕಲಿಸುತ್ತಾಳೆ, ನನಗಿಂತ ಜೋರಾಗಿ ನಡೆಯುತ್ತಾಳೆ. ನಾನು ಮದುವೆಯಾಗಿ ಊರು ಬಿಟ್ಟೆ. ಬೂಬಮ್ಮ ಹೋದಳು, ಅಮ್ಮನೂ ಹೋದಳು. ಊರು ನೆನೆದಾಗ ನನಗೆ ಮೊದಲು ನೆನಪಾಗುವುದು ಈ ದೊಡ್ಡ ವಿಷಯಗಳಲ್ಲ, ಆಪರೇಷನ್ನಿಗೆ ಎರಡು ವರ್ಷ ಮೊದಲಿನ ಒಂದು ಭಾನುವಾರದ ಸಂಜೆ.

ಅತ್ತಿಗೆಗೆ ಎರಡನೇ ಸಲ ಸದ್ದಾಗಿ ವಾರವಾಗಿತ್ತು. ಬೂಬಮ್ಮ ಬಂದು ಕೇಳಿ, ಅತ್ತಿಗೆಯ ಕೆನ್ನೆ ಸವರಿ ಹೋಗಿದ್ದಳು. ನಾವೆಲ್ಲ ಅಂಗಳದಲ್ಲಿದ್ದೆವು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಾಲ್ಕು ವರ್ಷದ ಬೆಳ್ಳಿ ಅತ್ತಿಗೆಯ ಹೊಟ್ಟೆಗೆ ಕಿವಿಯಿಟ್ಟು ಕೂತಿದ್ದಳು. ಇಡುವ ಅಗತ್ಯವೇನೂ ಇರಲಿಲ್ಲ. ಒಂದು ಎಳೆ ಗಾಳಿಯಿಲ್ಲದೆ ಟಕಟಕ ಎಂದು ಅಂಗಳದ ತುಂಬ ಕೇಳುತ್ತಿತ್ತು.

"ನಾನು ಹೊಟ್ಟೇಲಿದ್ದಾಗ ನಂದೂ ಹಿಂಗೇ ಇತ್ತಾ?" ಅಂದಳು ಬೆಳ್ಳಿ.

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅವರೆಕಾಯಿ ನೋಡಿದೆ.

"ನಿಂದಾ?" ಅಂದಳು ಅಮ್ಮ, ಕೈ ನಿಲ್ಲಿಸದೆ. "ನಿಂದು ಕೇಳೋಕೆ ಅಂತಲೇ ಜನ ಬರ್ತಿದ್ದರು ಕಣೇ. ಆ ಬೀದಿಯಿಂದ, ಈ ಬೀದಿಯಿಂದ. ಬಂದು ನಮ್ಮ ಜಗಲಿ ಮೇಲೆ ಕೂತ್ಕೊಂಡು ಕೇಳೋರು. ಕೂರೋಕೆ ಜಾಗ ಸಾಲ್ತಿರಲಿಲ್ಲ."

ನಮ್ಮೂರಿನಲ್ಲಿ ಹಾಗೆ ಯಾರದೇ ಸದ್ದು ಕೇಳಲು ಯಾರೂ ಬಂದು ಕೂತದ್ದಿಲ್ಲ. ಅತ್ತಿಗೆ ಅಮ್ಮನನ್ನೇ ನೋಡುತ್ತಿದ್ದಳು.  ಆಮೇಲೆ, ಸಿನಿಮಾದ ಕೊನೆಯನ್ನು ಹೇಳುವ ದನಿಯಲ್ಲೇ, "ಹೂಂ ಮತ್ತೆ" ಅಂದಳು. "ಎಲ್ಲರಿಗೂ ಕಾಫಿ ಮಾಡೀ ಮಾಡೀ ಅಜ್ಜಿಗೆ ಸುಸ್ತಾಗಿಹೋಗ್ತಿತ್ತು."

ಬೆಳ್ಳಿಗೆ ಅದು ಬಹಳ ಸಮಾಧಾನ ತಂದಿತು. ಮತ್ತೊಮ್ಮೆ ಹೊಟ್ಟೆಗೆ ಕಿವಿಯಿಟ್ಟಳು. ಏನೋ ಯೋಚಿಸಿದಳು. "ಪಾಪ, ಇದಕ್ಕೆ ಯಾರೂ ಬಂದಿಲ್ಲ" ಅಂದಳು. ಎದ್ದು, ಲಂಗ ಸರಿಮಾಡಿಕೊಂಡು, ಓಡಿದರೆ ಉಸಿರು ಕಟ್ಟುತ್ತದೆಂದು ನಿಧಾನವಾಗಿ ಹೆಜ್ಜೆ ಇಡುತ್ತಾ ಬೀದಿಗೆ ಇಳಿದಳು. ಎದುರು ಮನೆಯ ಬಾಗಿಲಲ್ಲಿ ನಿಂತು, "ನಮ್ಮನೆ ಪಾಪು ಸದ್ದು ಕೇಳೋಕೆ ಬರಬೇಕಂತೆ" ಅನ್ನುವುದು ನಮಗೆ ಕೇಳಿಸಿತು. ಆಮೇಲೆ ಅದರ ಪಕ್ಕದ ಮನೆ. ಆಮೇಲೆ ಟೈಲರ್ ಅಂಗಡಿ.

ಮೊದಲು ಬಂದವಳು ನಲ್ಲಿಯ ಹತ್ತಿರ ಅತ್ತಿಗೆಗೆ ಬೈದಿದ್ದ ಆ ಎದುರು ಮನೆಯವಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಜಗಲಿಯ ತುದಿಯಲ್ಲಿ ಕೂತಳು. ಅವಳ ಹಿಂದೆ ಟೈಲರು, ಅವನ ಹಿಂದೆ ಅಂಗಡಿಯಲ್ಲಿ ಬಟ್ಟೆ ಕೊಡಲು ಬಂದಿದ್ದ ಇಬ್ಬರು. ಬೆಳ್ಳಿ ಒಬ್ಬೊಬ್ಬರಿಗೂ ಜಾಗ ತೋರಿಸಿ ಕೂರಿಸುತ್ತಿದ್ದಳು. ಅಮ್ಮ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, ಮಂಡಿ ಹಿಡಿದುಕೊಂಡು ಎದ್ದಳು.

"ಮೀನೀ, ಇಷ್ಟು ಜನಕ್ಕೆ ಸಾಲೋಷ್ಟು ಹಾಲಿದೆಯೇನೇ ನೋಡು" ಅಂದಳು.